ಮೃದಂಗದ ಪಾಲಿನ ರವೆ

ಆ ದಿನ ಯರ್ರಿಸ್ವಾಮಿಯ ಮಾನ ಒಂದು ಹಿಡಿ ರವೆಯ ಮೇಲೆ ನಿಂತಿತ್ತು.

ವಿಶ್ವವಿದ್ಯಾಲಯದ ಸಂಗೀತ ತರಗತಿಯಲ್ಲಿ ಅವನದು ಮೃದಂಗ. ಬೆಳಗಾಗೆದ್ದರೆ ಸಾಧನೆ, ಉಂಡೆದ್ದರೆ ಸಾಧನೆ, ಮಲಗಿದರೆ ಕನಸಿನಲ್ಲೂ ತಾಳದ ಲೆಕ್ಕ. ರಜೆಗೆಂದು ಜಗಳೂರಿಗೆ ಬಂದರೂ ಪಾಪ, ಬಿಡುಗಡೆಯಿಲ್ಲ. ಗುರುಗಳಾದ ಶಿವಮೂರ್ತಪ್ಪನವರು ನೆಂಟರ ಊರಿಗೆ ಹೋಗುವ ದಾರಿಯಲ್ಲಿ ಅಂದು ಮಧ್ಯಾಹ್ನ ಮನೆಗೇ ಬಂದು ಅವನ ವಾದನ ಕೇಳುವವರಿದ್ದರು. "ಎಡಗೈ ಗುಂ ಅನ್ನದಿದ್ದರೆ ಪರೀಕ್ಷೆಗೆ ಕೂರಿಸೋದಿಲ್ಲ" ಎಂದು ಮೊದಲೇ ಹೇಳಿಬಿಟ್ಟಿದ್ದರು.

ಗುಂ ಅನ್ನಬೇಕಾದರೆ ಮೃದಂಗದ ಎಡಮುಖಕ್ಕೆ ನೆನೆಸಿದ ರವೆ ಮೆತ್ತಬೇಕು. ಎಲ್ಲಿಯ ಯುದ್ಧ, ಎಲ್ಲಿಯ ಜಗಳೂರು! ದೂರದೇಶದಲ್ಲಿ ನಡೆಯುತ್ತಿದ್ದ ಆ ಯುದ್ಧದಿಂದ ಗೋಧಿ ಬರುವುದೇ ನಿಂತು, ಊರಲ್ಲಿದ್ದ ರವೆಯೆಲ್ಲ ಖಾಲಿಯಾಗಿತ್ತು. ರಾಗಿ ಹಿಟ್ಟು ಮೆತ್ತಿ ನೋಡಿದ, ಉದುರಿತು. ಜೋಳದ ಹಿಟ್ಟು ಅದಕ್ಕಿಂತ ಬೇಗ ಉದುರಿತು.

ಎದುರುಮನೆ ಉಚ್ಚಂಗೆಪ್ಪನನ್ನು ಕೇಳಿದರೆ, "ಮನುಷ್ಯರಿಗೇ ಇಲ್ಲ, ಮದ್ದಳೆಗೆ ಉಪ್ಪಿಟ್ಟು ಮಾಡಾಕೆ ಹೊಂಟೀಯೇನು?" ಎಂದು ಬೀದಿಗೆಲ್ಲ ಕೇಳುವಂತೆ ನಕ್ಕ.

ಪಕ್ಕದ ಮನೆ ಭೀಮಕ್ಕ ಮಾತ್ರ ಗಡಿಗೆಯ ತಳದಿಂದ ಒಂದು ಹಿಡಿ ರವೆ ತೆಗೆದುಕೊಟ್ಟಳು.

"ಪುಣ್ಯ ಬರ್ತೈತೆ ಭೀಮಕ್ಕ ನಿಮಗೆ."

"ಪುಣ್ಯ ಯಾರಿಗೆ ಬೇಕೋ. ಪಾಸಾಗಿ ಬೇಗ ಊರು ಬಿಡಪ್ಪಾ. ನಿನ್ನ ತಕಧಿಮಿ ಕೇಳಿ ಕೇಳಿ ನಮ್ಮೆಮ್ಮೆ ಹಗ್ಗ ಕಿತ್ಗಂಡು ಓಡಿಹೋಗೈತೆ. ಮೊದ್ಲು ಅದನ್ನ ಹುಡುಕ್ಕಂಡು ಬಾ."

ರವೆಯ ಬಟ್ಟಲನ್ನು ಮೃದಂಗದ ಪಕ್ಕದಲ್ಲಿಟ್ಟು ಯರ್ರಿಸ್ವಾಮಿ ಎಮ್ಮೆಯ ಹಿಂದೆ ಓಡಿದ. ಅದು ಇವನ ಮುಖ ಕಂಡಷ್ಟೂ ದೂರ ಓಡಿತು. ಹಿಡಿದು ತಂದು ಕಟ್ಟಿ ಮನೆಗೆ ಬರುವ ಹೊತ್ತಿಗೆ ಗುರುಗಳು ಪಡಸಾಲೆಯಲ್ಲಿ ಕೂತು ಉಪ್ಪಿಟ್ಟಿನ ಕೊನೆಯ ತುತ್ತು ಬಾಯಿಗಿಡುತ್ತಿದ್ದರು. ಯರ್ರಿಸ್ವಾಮಿ ಮೃದಂಗದ ಪಕ್ಕ ನೋಡಿದ, ಬಟ್ಟಲು ಅಲ್ಲಿರಲಿಲ್ಲ.

"ಗುರುಗಳಿಗೆ ಅಂತಾನೇ ರವೆ ತಂದಿಟ್ಟೀಯ ಅಂತ ಗೊತ್ತಾತು ಬಿಡು" ಎಂದು ತಾಯಿ ಕಾಟಮ್ಮ ಹಿಗ್ಗಿ ಒಳಗೆ ಹೋದಳು.

"ಎಲ್ಲಿ, ನುಡಿಸು" ಎಂದರು ಗುರುಗಳು. ನುಡಿಸಿದ. ಎಡಮುಖ ಹಳೇ ಮೊರ ಬಡಿದ ಹಾಗೆ ಪಟ್ ಪಟ್ ಎಂದಿತು.

"ಏನಯ್ಯಾ ಇದು? ರವೆ ಹಚ್ಚಿಲ್ಲವೇ?"

"ಈಗ ತಾನೆ ತಾವು..." ಎಂದು ಯರ್ರಿಸ್ವಾಮಿ ಖಾಲಿ ತಟ್ಟೆಯ ಕಡೆ ನೋಡಿದ.

ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕಾಲ ಹೇಗಿದೆ ಅಂತ ನನಗೆ ಗೊತ್ತಿಲ್ಲವೇ? ನಾನೇ ಒಂದು ಪೊಟ್ಟಣ ತಂದಿದ್ದೇನೆ. ನಿನ್ನ ಮೃದಂಗದ ಪಕ್ಕದಲ್ಲೇ ಇಟ್ಟೆನಲ್ಲ, ತಗೋ."

ಯರ್ರಿಸ್ವಾಮಿಗೆ ಹೋದ ಜೀವ ಬಂತು. ಅಷ್ಟರಲ್ಲಿ ಒಳಗಿನಿಂದ ಕಾಟಮ್ಮ, "ಅದನ್ನೂ ಹಾಕೇ ಮಾಡಿದ್ದು ಸ್ವಾಮಿ. ಒಂದು ಹಿಡಿ ನಿಮಗೆ ಹೆಂಗೆ ಸಾಲ್ತೈತೆ?" ಎಂದಳು.

ಗುರುಗಳ ನಗು ನಿಂತಿತು. ಕೈ ತೊಳೆದುಕೊಂಡು ಮೇಲೆದ್ದರು. "ವಾಪಸ್ ಬರುವಾಗ ಮತ್ತೆ ಕೇಳ್ತೀನಿ. ಅಲ್ಲಿತನಕ ಸಾಧನೆ ಎರಡರಷ್ಟು ಮಾಡು."

ಗೋಡೆಯಾಚೆಯಿಂದ ಭೀಮಕ್ಕನ ದನಿ ಕೇಳಿಸಿತು: "ಯರ್ರಿಸ್ವಾಮಿ, ನೀನು ಬಾರಿಸಿದ್ದಕ್ಕೆ ಎಮ್ಮೆ ಮತ್ತೆ ಹೋತು ನೋಡಪ್ಪಾ."