ವೀರಪ್ಪ ಹಂದರ ಬಿಚ್ಚಿದ್ದು

ಮಧ್ಯಾಹ್ನದ ಮೀಟಿಂಗಿನಲ್ಲಿ, ಪತ್ತಿನ ಸಂಘದ ಕಂಪ್ಯೂಟರ್ ನೋಡಿಕೊಳ್ಳುವ ವೀರಪ್ಪನ ನೌಕರಿ ಕಾಯಂ ಆಗುವುದಿತ್ತು. ಸುಮ್ಮನೆ ಕೂತಿದ್ದರೆ ಆಗಿಬಿಡುತ್ತಿತ್ತು. ಮುಂಜಾನೆಯೇ ಅವನಿಗೊಂದು ಹುಕಿ ಬಂತು.

ಯರಗಟ್ಟಿಯ ಆ ಪತ್ತಿನ ಸಂಘದ ಲಿನಕ್ಸ್ ಕಂಪ್ಯೂಟರು ಹೋಳಿಗೆ ಉಂಡ ಬೀಗರಂತೆ ಏಳಲು ಒಲ್ಲೆನ್ನುತ್ತಿತ್ತು. ಚೇರ್ಮನ್ನರ ಎದುರು ಚಿಗರೆಯಂತೆ ಓಡಲೆಂದು ವೀರಪ್ಪ ಅದರ ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟನ್ನು ಪೂರ್ತಿ ಕಿತ್ತುಹಾಕಿ, ಬರಿಯ ವಿಂಡೋ ಮ್ಯಾನೇಜರ್ ಒಂದನ್ನು ಉಳಿಸಿದ. ಓಡಿತೇನೋ ನಿಜ. ಆದರೆ ಪರದೆಯ ಮೇಲಿನ ಚಿತ್ರ, ಪಟ್ಟಿ, ಗಡಿಯಾರ ಎಲ್ಲ ಮಾಯವಾಗಿ ಬೂದಿ ಬಣ್ಣವಷ್ಟೇ ಉಳಿಯಿತು.

"ಅಯ್ಯ ಶಿವನ! ಎಲ್ಲಾ ಒರಸಿ ಒಗದ್ಯೇನೋ?" ಗುಮಾಸ್ತೆ ಅನ್ನಪೂರ್ಣಾ ಎದೆ ಹಿಡಿದುಕೊಂಡಳು.

"ಏನೂ ಹೋಗಿಲ್ರೀ ಅಕ್ಕಾರ, ಒಳಗ ಐತಿ."

"ಒಳಗಂದ್ರ ಎಲ್ಲೆ?"

ಬಾಗಿಲಲ್ಲಿದ್ದ ಕಾಳಿನ ವ್ಯಾಪಾರಿ ರಹಿಮಾನಸಾಬ ಅಷ್ಟನ್ನೇ ಕೇಳಿಸಿಕೊಂಡು ಹೊರಬಿದ್ದ. ಸುದ್ದಿ ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಸಂಘದ ಲೆಕ್ಕವೆಲ್ಲ ಅಳಿಸಿಹೋಗಿತ್ತು. ಮುರಗೋಡದ ಬಸ್ಸು ಹತ್ತಿದ್ದವರೂ ಇಳಿದು ಓಡಿಬಂದರು. "ನೀವು ಕುಂಡ್ರರಿ, ನೀವು ಏಳ್ರಿ, ಏ ಯಜಮಾನ್ರ, ಆಕಡಿ ಸರೀರಿ" ಎನ್ನುತ್ತ ಸಿಪಾಯಿ ರಾಯಪ್ಪ ಗದ್ದಲ ತಡೆದ.

"ನನ್ನ ಠೇವಣಿ ತೋರಸೋ ತಮ್ಮಾ! ಇಲ್ಲೆ ಬರೇ ಬೂದಿ ಕಾಣತೈತಿ!" ರಹಿಮಾನಸಾಬ ಪರದೆಗೆ ಮೂಗು ಹಚ್ಚಿ ಚೀರಿದ.

ಅಷ್ಟರಲ್ಲಿ ಚೇರ್ಮನ್ ಶಂಕರೆಪ್ಪ ಒಳಗೆ ಬಂದರು. ವೀರಪ್ಪನ ಅಂಗಿ ಬೆನ್ನಿಗೆ ಅಂಟಿತು. ಮೌಸಿನ ಬಲಗುಂಡಿ ಒತ್ತಿದ. ಸಣ್ಣದೊಂದು ಪಟ್ಟಿ ತೆರೆಯಿತು. ಅದರಲ್ಲಿ ಇನ್ನೊಮ್ಮೆ ಒತ್ತಿದ್ದೇ ತಡ, ಠೇವಣಿ ಲೆಕ್ಕ ಎದ್ದು ನಿಂತಿತು.

"ಯಾ ಅಲ್ಲಾ, ಜೀವ ಬಂತು!" ರಹಿಮಾನಸಾಬ ತನ್ನ ಹೆಸರನ್ನು ಮುಟ್ಟಿ ನೋಡಿದ.

"ಹಂಗಾರ ನೀ ತಗದದ್ದೇನು?" ಶಂಕರೆಪ್ಪ ಕೇಳಿದರು.

"ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್ ಅಂದ್ರ ಇಡೀ ಮದವಿ ಇದ್ದಂಗ್ರೀ ಸಾಹೇಬ್ರ. ಹಂದರ, ಬಾಜಾ, ಲೈಟು, ಎಲ್ಲಾ ಬಂತು. ವಿಂಡೋ ಮ್ಯಾನೇಜರ್ ಅಂದ್ರ ಊಟದ ಪಂಗ್ತ್ಯಾಗ ಮಂದೀನ್ನ ಕುಂಡ್ರಸಾಂವ, ಎಬ್ಬಸಾಂವ, ಸರಸಾಂವ, ಅಷ್ಟ. ಪರದೆ ಮ್ಯಾಲಿನ ಕಿಡಕಿಗೋಳಿಗೆ ಅವನೊಬ್ಬ ಸಾಕು. ಅದಕ್ಕ ಹಂದರ ಬಿಚ್ಚಿದೆ."

"ಶಾಬಾಸ್! ಅನ್ನಪೂರ್ಣಾ, ನೀನೂ ಒಂದ್ಸಲ ಒತ್ತಿ ನೋಡಬೇ."

ಅವಳು ಒತ್ತಿದಳು. ಲೆಕ್ಕ ಬಂತು. "ಅಯ್ಯ, ಇಷ್ಟ ಏನ್ರೀ!"

ಮೀಟಿಂಗಿನಲ್ಲಿ ಶಂಕರೆಪ್ಪ ಗಂಟಲು ಸರಿಮಾಡಿಕೊಂಡರು. "ವೀರಪ್ಪ ಇವತ್ತ ನಮ್ಮ ಕಣ್ಣು ತೆರಸಿದ. ಸಂಘದಾಗೂ ಹಂಗ ಮಾಡೂಣು. ಮಂದೀನ್ನ ಕುಂಡ್ರಸಾಕ ರಾಯಪ್ಪ ಅದಾನ, ಗುಂಡಿ ಒತ್ತಾಕ ಅನ್ನಪೂರ್ಣಾ ಅದಾಳ. ಉಳಿದ ಹಂದರ ಬಿಚ್ಚಿಬಿಡೂಣು."

ವೀರಪ್ಪ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. ತಟ್ಟುತ್ತಲೇ ಸುತ್ತ ನೋಡಿದ. ಬೇರೆ ಯಾರೂ ತಟ್ಟುತ್ತಿರಲಿಲ್ಲ; ಎಲ್ಲರೂ ಅವನನ್ನೇ ನೋಡುತ್ತಿದ್ದರು.