ಓವಾದಿಯಾ ಮೂರು ಸಲ ಒಲ್ಲೆ ಎಂದದ್ದು

ಎಲ್ಲ ಅನಾಹುತಕ್ಕೂ ಮೂಲ, ವಿಕ್ಟೋರಿಯಾ ನಮ್ಮ ಯೆಹೂದಿ ಪ್ರಾರ್ಥನಾಮಂದಿರದ, ಅಂದರೆ ಸಿನಗಾಗಿನ, ಬಾಗಿಲಿಗೆ ಅಂಟಿಸಿದ ಒಂದು ಹಸಿರು ಕಾಗದ. ವಿಕ್ಟೋರಿಯಾ ನಮ್ಮ ಓಣಿಯ ನಿವೃತ್ತ ನರ್ಸು. ಅವಳು ಬರಿ "ಹೇಗಿದ್ದೀಯಪ್ಪಾ?" ಎಂದರೂ ಸಾಕು, ಜೆರುಸಲೇಮಿನ ಅರ್ಧ ಗಂಡಸರು ತಾವಾಗಿಯೇ ಅಂಗಿಯ ತೋಳು ಮಡಚಿ ಸೂಜಿಗೆ ಸಿದ್ಧರಾಗುತ್ತಾರೆ. ಈ ಹೊಸ ವರ್ಷ ನಮ್ಮ ಸಿನಗಾಗನ್ನು ಒಬ್ಬರಿಗೊಬ್ಬರು ಮರುಗುವ ಒಂದೇ ಕುಟುಂಬವನ್ನಾಗಿ ಮಾಡಿಯೇ ತೀರುತ್ತೇನೆಂದು ಅವಳು ಹಟ ತೊಟ್ಟಿದ್ದಳು. ಅದಕ್ಕೊಂದು ಕಾಳಜಿ ಸಮಿತಿ, ಸಮಿತಿಗೊಂದು ಪಟ್ಟಿ, ಅದೇ ಆ ಹಸಿರು ಕಾಗದ. ಹೊಸ ವರ್ಷದ ಹತ್ತನೇ ದಿನ ಬರುವ ಮಹಾ ಉಪವಾಸಕ್ಕೆ ಮುಂಚೆ ಪ್ರತಿಯೊಬ್ಬರೂ ತಾವು ನೋಯಿಸಿದವರ ಮನೆಗೆ ಹೋಗಿ ಕ್ಷಮೆ ಕೇಳಬೇಕು. ಸಿಕ್ಕಮೇಲೆ ಹೆಸರಿನ ಮುಂದೆ ಸಹಿ ಹಾಕಬೇಕು.

ಕ್ಷಮೆ ಕೇಳುವುದು ನಮಗೆ ಹೊಸದಲ್ಲ. ದೇವರಿಗೆ ಮಾಡಿದ ತಪ್ಪನ್ನು ಉಪವಾಸ ತೊಳೆಯುತ್ತದೆ, ಮನುಷ್ಯನಿಗೆ ಮಾಡಿದ್ದನ್ನು ಆ ಮನುಷ್ಯನೇ ಬಿಟ್ಟುಕೊಡಬೇಕು. ಹೊಸದೆಂದರೆ ಪಟ್ಟಿ. ಸಂಜೆ ಉಪವಾಸ ಹಿಡಿಯಬೇಕಾದ ಆ ದಿನ ಬೆಳಗ್ಗೆ ಎಂಟಕ್ಕೆ ಅದರಲ್ಲಿ ಖಾಲಿ ಉಳಿದದ್ದು ಒಂದೇ ಜಾಗ: ನಲ್ಲಿ ರಿಪೇರಿ ಮಾಡುವ ನಹೂಮನದು.

"ನಾನು ಯಾರನ್ನೂ ನೋಯಿಸಿಲ್ಲಮ್ಮಾ," ಎಂದ ನಹೂಮ್.

"ಎಲ್ಲಾ ಹಿಂಗೇ ಹೇಳೋದು. ರಕ್ತ ಪರೀಕ್ಷೆ ಮಾಡಿದ್ಮೇಲೆ ಗೊತ್ತಾಗತ್ತೆ," ಎಂದಳು ವಿಕ್ಟೋರಿಯಾ. "ಚೆನ್ನಾಗಿ ನೆನಪು ಮಾಡ್ಕೋ."

ನೆನಪು ಮಾಡಿಕೊಂಡ, ಅದೇ ಅವನು ಮಾಡಿದ ಮೊದಲ ತಪ್ಪು. ಓವಾದಿಯಾ ಅವನ ಮೂವತ್ತು ವರ್ಷದ ಗೆಳೆಯ. ಎದುರು ಮನೆ, ಪಕ್ಕದ ಆಸನ, ಒಂದೇ ಲೋಟದ ಕಾಫಿ. ಹದಿನಾಲ್ಕು ವರ್ಷದಿಂದ ಮಹಾ ಉಪವಾಸದ ಸಂಜೆ ಮತ್ತು ಮರುದಿನ ಪೂರ್ತಿ ಪೀಠದ ಮೇಲೆ ನಿಂತು ಪ್ರಾರ್ಥನೆ ಹಾಡುವವನೂ ಅವನೇ. ಬೇಸಿಗೆಯಲ್ಲೊಮ್ಮೆ ಕಾಫಿ ಅಂಗಡಿಯಲ್ಲಿ ನಹೂಮ್ ಅವನ ಬೆನ್ನ ಹಿಂದೆ ಒಂದು ಮಾತು ಆಡಿದ್ದ.

ಒಂಬತ್ತಕ್ಕೆ ಹೋಗಿ ಬಾಗಿಲು ಬಡಿದ. "ಓವಾದಿಯಾ, ನಾನೇನಾದ್ರೂ ತಪ್ಪು ಮಾಡಿದ್ರೆ ಹೊಟ್ಟೆಗೆ ಹಾಕ್ಕೋ."

"ಹಾಕ್ಕೊಂಡೆ ಬಿಡು, ಹಬೀಬಿ. ಏನು ತಪ್ಪು?"

ಅಲ್ಲಿಗೇ ಬಾಯಿ ಮುಚ್ಚಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ನಹೂಮನ ಪ್ರಾಮಾಣಿಕತೆ ಒಡೆದ ಪೈಪಿನಂಥದ್ದು, ಒಮ್ಮೆ ಚಿಮ್ಮಿದರೆ ಮೂರು ಮಹಡಿ ನೆನೆಯಬೇಕು. "ನೀನು ಹಾಡಿದ್ರೆ ಸ್ವರ್ಗದ ಬಾಗಿಲು ತೆಗಿಯಲ್ಲ, ಒಳಗಿನವರೇ ಎದ್ದು ಬಂದು ಚಿಲಕ ಹಾಕ್ಕೋತಾರೆ ಅಂದಿದ್ದೆ."

ಓವಾದಿಯಾ ಬಗ್ಗಿ ತನ್ನ ಮೊಣಕಾಲು ನೀವಿಕೊಂಡ. ಆಮೇಲೆ ಅವನು ಎದೆ ಹಿಡಿದುಕೊಂಡ. "ಇಲ್ಲ. ಇದನ್ನ ಕ್ಷಮಿಸಕ್ಕೆ ಆಗಲ್ಲ," ಎಂದು ಬಾಗಿಲು ಹಾಕಿದ. ಆ ಸದ್ದಿಗೆ ಮಾರುಕಟ್ಟೆಯ ಪಾರಿವಾಳಗಳೆಲ್ಲ ಜೋರ್ಡಾನ್ ನದಿಯವರೆಗೆ ಹಾರಿಹೋದವು.

ನಹೂಮ್ ನಮ್ಮ ಧರ್ಮಗುರು ರಬ್ಬಿಯ ಹತ್ತಿರ ಓಡಿದ. ರಬ್ಬಿ ಗಡ್ಡ ನೀವಿಕೊಂಡು ಹೇಳಿದರು: "ಪದ್ಧತಿ ಗೊತ್ತಲ್ಲ? ಮೂರು ಸಲ ಕೇಳ್ಬೇಕು. ಒಬ್ಬನೇ ಹೋದಾಗ ಆಗ್ಲಿಲ್ವಾ, ಮೂರು ಜನರನ್ನ ಕರ್ಕೊಂಡು ಹೋಗು. ಅವರ ಎದುರಿಗೆ ಕೇಳು."

"ಮೂರು ಜನರನ್ನ ಕರೆದ್ರೆ ಆ ಮಾತೇನು ಅಂತ ಅವರಿಗೂ ಹೇಳ್ಬೇಕಾಗತ್ತಲ್ಲ, ಗುರುಗಳೇ?"

"ಮತ್ತೆ? ಯಾತಕ್ಕೆ ಅಂತ ಗೊತ್ತಿಲ್ದೆ ಯಾರು ಬರ್ತಾರೆ?"

ಮೀನಿನಂಗಡಿಯ ಎಜ್ರಾ ಮತ್ತು ಅವನ ಇಬ್ಬರು ಅಣ್ಣಂದಿರು ಬಂದರು. ಓವಾದಿಯಾನ ಹೊಸ್ತಿಲಲ್ಲಿ ನಹೂಮ್ ಆ ಮಾತನ್ನು ಮತ್ತೊಮ್ಮೆ ಒಪ್ಪಿಸಿದ. ಎಜ್ರಾ ಗಂಭೀರವಾಗಿರಲು ತನ್ನ ತುಟಿಯನ್ನೇ ಕಚ್ಚಿದ, ಪ್ರಯೋಜನವಾಗಲಿಲ್ಲ. ಅಣ್ಣಂದಿರು ಗೋಡೆಗೆ ಒರಗಿ ನಕ್ಕ ನಗೆಗೆ ಸುಣ್ಣ ಉದುರಿತು.

"ಚಿಲಕ ಅಲ್ಲ ಮಾರಾಯಾ, ಬೀಗ!" ಎಂದ ಒಬ್ಬ.

"ನೋಡಿದ್ರಾ?" ಎಂದು ಓವಾದಿಯಾ ನಡುಗುವ ದನಿ ತೆಗೆದ. "ಬೆಳಗ್ಗೆ ಒಬ್ಬ, ಈಗ ನಾಲ್ಕು ಜನ. ಇಲ್ಲ!"

ಮಧ್ಯಾಹ್ನದ ಹೊತ್ತಿಗೆ ಮಾತು ಮಾರುಕಟ್ಟೆ ದಾಟಿತ್ತು. ದಾಳಿಂಬೆ ತೂಗುವವರು, ಬಿಳಿ ಅಂಗಿಗೆ ಇಸ್ತ್ರಿ ಹಾಕುವವರು ಎಲ್ಲರ ಬಾಯಲ್ಲೂ ಅದೇ. ಮೂರನೇ ಸಲಕ್ಕೆ ಮೂರು ಜನರನ್ನು ಕರೆದರೆ ಮೂರು ಸಾವಿರ ಬಂದರು. ಕಡಿಮೆ ಹೇಳುವವರ ಲೆಕ್ಕದಲ್ಲಿ ನಲವತ್ತು. ಕಾಳಜಿ ಸಮಿತಿ ಮುಂದೆ, ನಹೂಮ್ ನಡುವೆ. ಓವಾದಿಯಾ ಬಾಲ್ಕನಿಗೆ ಬಂದು ನಿಂತ.

"ಮೂವತ್ತು ವರ್ಷದ ಸ್ನೇಹ ಕಣೋ! ಮಾತಿಗೆ ಬೆಂಕಿ ಹಾಕು, ನನ್ನನ್ನ ಬಿಡಬೇಡ!" ಎಂದು ನಹೂಮ್ ಕೂಗಿದ. ಈ ಸಲ ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಓವಾದಿಯಾ ಕೆಳಗೆ ನೋಡಲಿಲ್ಲ. "ಇಲ್ಲ. ಈ ಗಂಟಲು ಇನ್ನು ಹಾಡಲ್ಲ. ವಿಕ್ಟೋರಿಯಾ ಮೇಲೆ ಬರಲಿ, ಒಂದು ಮಾತು ಹೇಳ್ಬೇಕು."

ರಬ್ಬಿ ನಹೂಮನ ಭುಜ ತಟ್ಟಿದರು. "ಮೂರಾಯ್ತು. ಇನ್ನು ತಪ್ಪು ಅವನದು, ನೀನು ನಿರಾಳ." ನಹೂಮ್ ಪಟ್ಟಿಗೆ ಸಹಿ ಹಾಕಿದ. ನಿರಾಳ ಮಾತ್ರ ಎಲ್ಲಿಯೂ ಕಾಣಲಿಲ್ಲ.

ಉಪವಾಸಕ್ಕೆ ಮುಂಚಿನ ಊಟ. ನಹೂಮನ ಹೆಂಡತಿ ತಿಕ್ವಾ ಮಾಂಸ ತುಂಬಿದ ಕುಬ್ಬೆ ಉಂಡೆಗಳ ಸಾರು ಬಡಿಸಿದಳು. "ತಿನ್ರೀ, ನಾಳೆ ರಾತ್ರಿವರೆಗೆ ನೀರೂ ಇಲ್ಲ."

"ಗೆಳೆಯನನ್ನ ಕಳ್ಕೊಂಡವನಿಗೆ ಕುಬ್ಬೆ ಇಳಿಯತ್ತಾ?"

ಅಷ್ಟರಲ್ಲಿ ಬಾಗಿಲು ತೆರೆಯಿತು. ಉಪವಾಸದ ದಿನದ ಬಿಳಿ ಅಂಗಿ, ತೊಗಲಿಲ್ಲದ ಬಟ್ಟೆಯ ಬೂಟು, ಕಿವಿಯಿಂದ ಕಿವಿಗೆ ನಗು: ಓವಾದಿಯಾ! ಬಂದವನೇ ನಹೂಮನನ್ನು ಅಪ್ಪಿ ಎರಡೂ ಕೆನ್ನೆಗೆ ಮುತ್ತಿಟ್ಟು, ಅವನ ತಟ್ಟೆಯ ಕುಬ್ಬೆಯನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಳ್ಳತೊಡಗಿದ.

"ನಿನ್ನನ್ನ ಬೆಳಗ್ಗೆ ಒಂಬತ್ತಕ್ಕೇ ಕ್ಷಮಿಸಿದ್ದೆ, ದಡ್ಡ! ನನ್ನ ಸ್ವರ ಹೇಗಿದೆ ಅಂತ ನಂಗೊತ್ತಿಲ್ವಾ? ಮೊಣಕಾಲು ಸವೆದಿದೆ, ಬೆನ್ನು ಬಾಗಿದೆ. ಹತ್ತು ವರ್ಷದಿಂದ ಬಿಡ್ತೀನಿ ಅಂತಿದೀನಿ. 'ಎಂಥಾ ವಿನಯ ನಿಂದು' ಅಂತ ಮತ್ತೆ ಪೀಠ ಹತ್ತಿಸ್ತಾರೆ. ಆದ್ರೆ ಮನಸ್ಸು ಮುರಿದವನನ್ನ ಹಾಡು ಅಂತ ಯಾವ ಕಾಳಜಿ ಸಮಿತಿ ಒತ್ತಾಯ ಮಾಡತ್ತೆ, ಹೇಳು?"

ನಹೂಮನಿಗೆ ನಗು ಅಳು ಒಟ್ಟಿಗೇ ಬಂತು. "ಹಾಗಾದ್ರೆ ಇವತ್ತು ಹಾಡೋರ್ಯಾರು?"

ಓವಾದಿಯಾ ಕೊನೆಯ ಕುಬ್ಬೆ ನುಂಗಿ, ಎದ್ದು ನಿಂತು ಕೈ ಜೋಡಿಸಿದ. "ಅದಕ್ಕೇ ಬಂದೆ. ನನ್ನನ್ನ ಕ್ಷಮಿಸು. ನೊಂದವನ ಒಂದೇ ಆಸೆ ಅಂತ ವಿಕ್ಟೋರಿಯಾಗೆ ನಿನ್ನ ಹೆಸರು ಹೇಳಿದೆ. 'ಹೌದಲ್ವಾ, ಇನ್ನೊಬ್ಬರ ಸ್ವರದ ಹುಳುಕು ಹಿಡಿಯೋನಿಗೆ ಸಂಗೀತ ಗೊತ್ತಿರಲೇಬೇಕು' ಅಂತ ಅವಳು ಆಗಲೇ ಚೀಟಿ ಅಂಟಿಸಿಬಿಟ್ಟಳು."

"ಕ್ಷಮಿಸೋದಾ? ಸತ್ರೂ ಇಲ್ಲ!"

"ಒಂದು," ಎಂದ ಓವಾದಿಯಾ ಶಾಂತವಾಗಿ. ಬಾಗಿಲ ಕಡೆ ತಿರುಗಿ ಕರೆದ: "ಎಜ್ರಾ, ಅಣ್ಣಂದಿರನ್ನ ಕರ್ಕೊಂಡು ಒಳಗೆ ಬಾ."

ಉಪವಾಸ ಹಿಡಿಯುವ ಹೊತ್ತಾಯಿತೆಂದು ಊರಿನ ಸೈರನ್ ಕೂಗಿತು. ಹಸಿದ ಹೊಟ್ಟೆಯ ನಹೂಮನನ್ನು ಎಜ್ರಾ ಮತ್ತು ಅಣ್ಣಂದಿರು ಸಿನಗಾಗಿನವರೆಗೆ ಅಕ್ಷರಶಃ ಎತ್ತಿಕೊಂಡೇ ಹೋದರು. ಪೀಠ ಹತ್ತಿ, ಕಣ್ಣು ಮುಚ್ಚಿ, ಅವನು ಪ್ರಾರ್ಥನೆಯ ಮೊದಲ ಸಾಲು ಎತ್ತಿದ. ಕೆಳಗೆ, ಹಿಂದಿನ ಮೆತ್ತೆ ಹಾಕಿದ ಆಸನದಲ್ಲಿ ಕಾಲು ಚಾಚಿದ್ದ ಓವಾದಿಯಾ ಪಕ್ಕದವನ ಕಿವಿಗೆ ಬಾಗಿ ಏನೋ ಪಿಸುಗುಟ್ಟಿದ. ಪಕ್ಕದವನ ಹೆಗಲು ತಡೆದ ನಗುವಿಗೆ ಕುಲುಕತೊಡಗಿತು.