ಮಾವನವರ ಡಬರಿಗೆ ಕಿವಿ ಬಂದದ್ದು

ಎಪ್ಪತ್ತರ ದಶಕದಲ್ಲಿ ಬೈಲಹೊಂಗಲದ ಸುತ್ತಮುತ್ತ ಲೋಹದೊಳಗಿನ ಹರಳುಗಳ ದಿಕ್ಕನ್ನು ಬಲ್ಲವನು ನಾನೊಬ್ಬನೇ ಇದ್ದೆ. ಜಂಬದ ಮಾತಲ್ಲ ಇದು. ಅದನ್ನು ತಿಳಿಯಬೇಕೆಂದು ಬೇರೆ ಯಾರಿಗೂ ಅನಿಸಿರಲಿಲ್ಲ, ಅಷ್ಟೆ.

ಅಲ್ಲಿನ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುತ್ತಿದ್ದೆ. ರಜೆ ಸಿಕ್ಕಾಗಲೆಲ್ಲ ಬೆಂಗಳೂರಿನ ಪ್ರಯೋಗಾಲಯವೊಂದಕ್ಕೆ ಓಡಿ ಪಿಎಚ್.ಡಿ. ಕೆಲಸ ಮಾಡುತ್ತಿದ್ದೆ. ನನ್ನ ವಿಷಯ ಟೆಕ್ಸ್ಚರ್. ತಗಡು ನೋಡಲು ಒಂದೇ ಹಾಳೆಯಂತೆ ಕಂಡರೂ ಒಳಗೆಲ್ಲ ಸಣ್ಣ ಸಣ್ಣ ಹರಳುಗಳೇ. ಉರುಳೆಗಳ ನಡುವೆ ಒತ್ತಿ ತೆಳ್ಳಗೆ ಮಾಡಿದಾಗ, ಆಮೇಲೆ ಭಟ್ಟಿಯಲ್ಲಿ ಕಾಯಿಸಿದಾಗ, ಈ ಹರಳುಗಳು ಊಟದ ಪಂಕ್ತಿಯಲ್ಲಿ ಕೂತವರ ಹಾಗೆ ಒಂದೇ ಕಡೆ ಮುಖ ಮಾಡಿಬಿಡುತ್ತವೆ. ಯಾವ ಕಡೆ, ಎಷ್ಟರ ಮಟ್ಟಿಗೆ ಎಂದು ಎಕ್ಸ್-ರೇ ಬಿಟ್ಟು ಅಳೆಯುವುದು ನನ್ನ ಕೆಲಸ. ರಾಮದುರ್ಗದ ನಮ್ಮ ಮಾವನವರಿಗೆ ಟೆಕ್ಸ್ಚರ್ ಅಂದದ್ದು ಟೆಕ್ಸ್‌ಟೈಲ್ ಅಂತ ಕೇಳಿಸಿ, ಮದುವೆಯಾದ ಹೊಸದರಲ್ಲಿ ಅವರು ಊರಿನ ನೇಕಾರರ ಸೀರೆಗಳನ್ನು ತಂದು ನನ್ನ ಮುಂದೆ ಹರಡಿ ಅಭಿಪ್ರಾಯ ಕೇಳುತ್ತಿದ್ದರು. ನಾನೂ ಒಂದೆರಡು ಸಲ ಹೇಳಿದ್ದೆ.

ಮಾವನವರು ಎಲ್ಲೋ ಪರವೂರಿನ ಕಾರಖಾನೆಯ ನೌಕರಿ ಬಿಟ್ಟು ಬಂದು, ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದು ಪ್ರೆಸ್ ಕೂಡಿಸಿ ಅಲ್ಯುಮಿನಿಯಂ ಡಬರಿ ಮಾಡಲು ಸುರು ಮಾಡಿದ್ದರು. ನಮ್ಮ ಕಡೆ ಜರ್ಮನ್ ಡಬರಿ ಅನ್ನುತ್ತೇವಲ್ಲ, ಆ ಅಡಿಗೆಯ ಪಾತ್ರೆ. ದುಂಡಗಿನ ತಗಡನ್ನು ಅಚ್ಚಿನ ಮೇಲಿಟ್ಟು ಒತ್ತಿದರೆ ಡಬರಿ ತಯಾರು. ಬೈಲಹೊಂಗಲದ ಭಾಂಡೆ ಅಂಗಡಿಯ ಸಾಹುಕಾರರೊಬ್ಬರು ಮೊದಲ ದೊಡ್ಡ ಆರ್ಡರ್ ಕೊಟ್ಟಿದ್ದರು. ಅದು ಸರಿಹೋದರೆ ಶೆಡ್ಡು ಉಳಿಯುತ್ತಿತ್ತು. ಕೆಟ್ಟರೆ ಮಾವನವರು ಮತ್ತೆ ಯಾರದೋ ಕೈಕೆಳಗೆ ದುಡಿಯಲು ಹೋಗಬೇಕಾಗುತ್ತಿತ್ತು.

ಪಂಚಮಿಗೆ ತವರಿಗೆ ಹೋಗಿದ್ದ ಹೆಂಡತಿ ಶಕುಂತಲಾಳನ್ನು ಕರೆತರಲು ನಾನು ರಾಮದುರ್ಗಕ್ಕೆ ಹೋದಾಗ ಮನೆಯಲ್ಲಿ ಯಾರ ಮುಖದಲ್ಲೂ ಕಳೆ ಇರಲಿಲ್ಲ. ಒತ್ತಿದ ಪ್ರತಿ ಡಬರಿಯ ಬಾಯಿ ಸಮ ಬರುತ್ತಿರಲಿಲ್ಲ. ಅಂಚು ನಾಲ್ಕು ಕಡೆ ಕಿವಿಯಂತೆ ಮೇಲೆದ್ದಿತ್ತು. ತಗಡಿನ ವ್ಯಾಪಾರಿ ಮೋಸ ಮಾಡಿದ ಎಂದು ಮಾವನವರು. ಪ್ರೆಸ್ಸು ದಕ್ಷಿಣಕ್ಕೆ ಮುಖ ಮಾಡಿದ್ದೇ ತಪ್ಪು ಎಂದು ಮಿಸ್ತ್ರಿ ಹುಸೇನಸಾಬ. ದೃಷ್ಟಿ ಆಗಿದೆ ಎಂದು ಅತ್ತೆಯವರು.

ನನ್ನ ಎದೆ ಡವಡವ ಹೊಡೆದುಕೊಂಡಿತು, ಸಂತೋಷಕ್ಕೆ. ಪುಸ್ತಕದಲ್ಲಿ ಚಿತ್ರವಾಗಿ ನೋಡಿದ್ದ ಕಿವಿ ಮಾವನ ಮನೆಯಲ್ಲೇ ಮೊಳೆತಿತ್ತು. "ಇದು ಟೆಕ್ಸ್ಚರ್ ಮಾವಾರ. ಒಳಗಿನ ಹರಳೆಲ್ಲಾ ಒಂದ ದಿಕ್ಕಿಗೆ ಕುಂತಾವ. ಅದಕ್ಕ ತಗಡು ಒಂದ ಕಡೆ ಹೆಚ್ಚು ಹಿಗ್ಗತೈತಿ, ಒಂದ ಕಡೆ ಕಡಿಮಿ. ನಾ ಅಳದು ಔಷಧ ಹೇಳತೇನಿ," ಎಂದೆ.

ಹೇಳಿದ್ದು ಖರೆಯೇ ಇತ್ತು. ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ. ಮೊದಲ ಮಾತೇ ತಪ್ಪಾಗಿದ್ದರೆ ಯಾರೂ ನನ್ನನ್ನು ನಂಬುತ್ತಿರಲಿಲ್ಲ.

ತಗಡಿನಿಂದ ರೂಪಾಯಿಗಿಂತ ತುಸು ದೊಡ್ಡದಾದ ಒಂದು ಬಿಲ್ಲೆ ಕತ್ತರಿಸಿಕೊಂಡೆ. ಉರುಳೆಯೊಳಗಿಂದ ತಗಡು ಯಾವ ದಿಕ್ಕಿಗೆ ಹಾದುಬಂದಿತ್ತೆಂದು ಅದರ ಮೇಲಿನ ತೆಳು ಗೀರುಗಳು ಹೇಳುತ್ತಿದ್ದವು. ಆ ದಿಕ್ಕಿಗೆ ಬಿಲ್ಲೆಯ ಹಿಂದೆ ಶಾಯಿಯಿಂದ ಒಂದು ಬಾಣ ಬರೆದೆ. ಈ ವಿದ್ಯೆಯಲ್ಲಿ ಬಾಣವೇ ಪ್ರಾಣ. ಅದು ತಪ್ಪಿದರೆ ಅಳತೆಯೆಲ್ಲ ನೀರಿನಲ್ಲಿ ಹೋಮ.

ಸುಮ್ಮನೆ ಕೂಡ್ರುವುದು ನನಗೆ ಹುಟ್ಟಿನಿಂದಲೇ ಬಾರದು. ಬೈಲಹೊಂಗಲದ ಬಸ್ಸಿನಲ್ಲಿ ಒಂದು ಕಾಲು ಅಲ್ಲಾಡಿಸಿದೆ, ಎರಡೂ ಕಾಲು ಅಲ್ಲಾಡಿಸಿದೆ, ಶಕುಂತಲಾ ತವರಿನಿಂದ ಕಟ್ಟಿಸಿಕೊಂಡು ಬಂದ ಉಂಡಿಯ ಗಂಟು ಬಿಚ್ಚಿ ತಿಂದೆ. ಆಮೇಲೆ, ಹೇಗೂ ಎಕ್ಸ್-ರೇಗೆ ಇಡುವ ಮುಂಚೆ ಬಿಲ್ಲೆಯನ್ನು ನುಣುಪು ಮಾಡಬೇಕಲ್ಲ, ಈಗಲೇ ಆಗಲಿ ಎಂದು ಪಾಲಿಶ್ ಕಾಗದ ತೆಗೆದು ತಿಕ್ಕತೊಡಗಿದೆ. ಸವದತ್ತಿ ಬರುವುದರೊಳಗೆ ಬಿಲ್ಲೆ ಕನ್ನಡಿಯಾಯಿತು. ಗೀರುಗಳೆಲ್ಲ ಹೋಗಿದ್ದವು. ತಿರುಗಿಸಿ ನೋಡಿದರೆ, ಉಂಡಿಯ ತುಪ್ಪ ಮೆತ್ತಿದ ಕೈಗೆ ಬಾಣವೂ ಅಳಿಸಿಹೋಗಿತ್ತು.

ಬಾಣ ಎತ್ತ ಇತ್ತೆಂದು ನೆನಪಿದೆಯೇ ಎಂದು ಹೆಂಡತಿಯನ್ನು ಕೇಳಿದೆ.

"ಕಿಡಕಿ ಕಡೆ ಇತ್ತರಿ," ಎಂದಳು ಬಹಳ ವಿಶ್ವಾಸದಿಂದ.

ಬಿಲ್ಲೆ ನನ್ನ ಕೈಯಲ್ಲಿ ಅದೆಷ್ಟು ಸುತ್ತು ತಿರುಗಿತ್ತೋ. ಆದರೂ ವಿಜ್ಞಾನಿಗೆ ಒಂದು ಆಧಾರ ಬೇಕು. ಕಿಟಕಿಯ ಕಡೆಗೇ ಬಾಣ ಬರೆಯಹೋದೆ. ಬಸ್ಸು ಗುಂಡಿಯೊಂದರಲ್ಲಿ ಇಳಿದೆದ್ದಿತು. ಬಾಣ ಡ್ರೈವರನ ಕಡೆ ವಾಲಿತು. ಮತ್ತೆ ರಾಮದುರ್ಗಕ್ಕೆ ಹೋಗಿ ಹೊಸ ಬಿಲ್ಲೆ ತರಬಹುದಾಗಿತ್ತು. ಅಷ್ಟು ತಾಳ್ಮೆ ಇರುವವನು ಬಸ್ಸಿನಲ್ಲಿ ತಿಕ್ಕುತ್ತಿರಲಿಲ್ಲ.

ಬೆಂಗಳೂರಿನಲ್ಲಿ ಬಿಲ್ಲೆಯನ್ನು ಯಂತ್ರಕ್ಕೆ ಹಚ್ಚಿದೆ. ಬಿಲ್ಲೆ ತನ್ನ ಸುತ್ತ ತಾನು ತಿರುಗುವುದು, ಆಮೇಲೆ ತುಸು ವಾಲುವುದು, ಮತ್ತೆ ತಿರುಗುವುದು. ಪಕ್ಕದಲ್ಲಿ ಒಂದು ಪೆನ್ನು ಉದ್ದನೆಯ ಕಾಗದದ ಮೇಲೆ ಗುಡ್ಡ ಕಣಿವೆ ಬರೆಯುತ್ತ ಹೋಗುವುದು. ಆ ಗುಡ್ಡಗಳ ಎತ್ತರ ಓದಿ, ಒಂದು ದೊಡ್ಡ ವೃತ್ತದೊಳಗೆ ಚುಕ್ಕೆ ಇಟ್ಟು, ಸಮನಾದ ಚುಕ್ಕೆಗಳನ್ನು ಗೆರೆಯಿಂದ ಕೂಡಿಸಿದರೆ ಹರಳುಗಳು ಯಾವ ಕಡೆ ಮುಖ ಮಾಡಿವೆ ಎಂಬ ನಕ್ಷೆ ಬರುತ್ತದೆ. ಬಂದೇ ಬಂತು, ಬಹಳ ಚೆಂದದ ನಕ್ಷೆ. ನನ್ನ ಡೊಂಕು ಬಾಣದ ಪ್ರಕಾರ ಓದಿದರೆ, ತಗಡು ಉರುಳೆಯ ಒತ್ತಡದಿಂದ ಇನ್ನೂ ಸುಧಾರಿಸಿಕೊಂಡಿರಲಿಲ್ಲ. ಔಷಧ ಸ್ಪಷ್ಟವಿತ್ತು. ಚೆನ್ನಾಗಿ ಕಾಯಿಸಬೇಕು.

ರಾಮದುರ್ಗದಲ್ಲಿ ನಕ್ಷೆ ಹರಡಿದಾಗ ಅತ್ತೆಯವರು ಅದನ್ನು ಬಹಳ ಹೊತ್ತು ನೋಡಿದರು. ಇದು ಯಾರ ಕುಂಡಲಿ ಎಂದು ಕೇಳಿದರು. ತಗಡಿನದು ಎಂದೆ. ದೆಸೆ ಹೆಂಗೈತಿ ಎಂದರು. ಕಾಯಿಸಿದರೆ ಸುಧಾರಿಸುತ್ತದೆ ಎಂದು ಅಭಯ ಕೊಟ್ಟೆ.

ಅಲ್ಯುಮಿನಿಯಂ ಕಾದರೆ ಕೆಂಪಾಗುವುದಿಲ್ಲ. ಅದಕ್ಕೇ ತಗಡಿನ ಮೇಲೆ ಸಾಬೂನಿನ ಗೆರೆ ಎಳೆದು ಭಟ್ಟಿಗೆ ಇಡುತ್ತಾರೆ. ಗೆರೆ ಕಪ್ಪಾದೊಡನೆ ತೆಗೆಯಬೇಕು. ಗೆರೆ ಕಪ್ಪಾಯಿತು. ಹುಸೇನಸಾಬ ಇಕ್ಕಳ ಚಾಚಿದ. ನಾನು ಅವನ ಕೈ ಹಿಡಿದೆ. ಇನ್ನಷ್ಟು ಕಾಯಲಿ, ಅರ್ಧಂಬರ್ಧ ಬೇಡ ಎಂದೆ. ಆಮೇಲೆ ಭಟ್ಟಿಯ ಸುತ್ತ ಪ್ರದಕ್ಷಿಣೆ ಹಾಕುತ್ತ, ಬಗ್ಗಿ ನೋಡುತ್ತ, ಮತ್ತೆ ಇದ್ದಿಲು ಹಾಕಿಸುತ್ತ ಇದ್ದೆ. ಎರಡು ತಗಡು ಮೊದಲು ಒತ್ತಿ ನೋಡೋಣ ಎಂದು ಮಾವನವರು ಅಂದರು. ಬ್ಯಾಡ್ರಿ, ನಕ್ಷಾ ಐತಲ್ಲ ಎಂದೆ. ಆರ್ಡರಿನ ತಗಡೆಲ್ಲ ಬೆಂದಿತು.

ಮರುದಿನ ಮೊದಲ ಡಬರಿ ಅಚ್ಚಿನಿಂದ ಹೊರಬಂತು. ಮೊದಲಿದ್ದವು ಕುರಿಯ ಕಿವಿಯಾಗಿದ್ದರೆ ಇವು ಕತ್ತೆಯ ಕಿವಿ. ಮೈಯೆಲ್ಲ ತರಿತರಿ, ಮೊಸಳೆಯ ಚರ್ಮದ ಹಾಗೆ. ಎರಡನೆಯದೂ ಹಾಗೆಯೇ. ಮೂರನೆಯದನ್ನು ಯಾರೂ ನೋಡಲಿಲ್ಲ. ಎಲ್ಲರೂ ನನ್ನನ್ನು ನೋಡುತ್ತಿದ್ದರು.

ಆಗ ತಲೆಯಲ್ಲಿ ಬಾಣ ತಿರುಗಿತು. ಡೊಂಕಾದ ಬಾಣವನ್ನು ಮನಸ್ಸಿನಲ್ಲೇ ನೆಟ್ಟಗೆ ಮಾಡಿ ನಕ್ಷೆ ಓದಿದರೆ ಅರ್ಥವೇ ಬೇರೆ. ತಗಡು ಮೊದಲೇ ಹೆಚ್ಚು ಕಾದಿತ್ತು. ಕಾದದ್ದಕ್ಕೇ ಹರಳು ಪಂಕ್ತಿ ಹಿಡಿದಿದ್ದವು. ಮತ್ತೆ ಕಾಯಿಸಿ ನಾನು ಎದ್ದವರನ್ನೂ ಕೂಡ್ರಿಸಿದ್ದೆ.

ಅಷ್ಟರಲ್ಲಿ ಸಾಹುಕಾರರು ಮಾಲು ನೋಡಲು ಬಂದಿಳಿದರು. ಮಾವನವರು ಅವರಿಗೆ ಚಹಾ ಕೊಟ್ಟು ಮಾತಿಗೆ ಎಳೆದರು. ನಾನು ಶೆಡ್ಡಿನಲ್ಲಿ ತಗಡಿನ ಕತ್ತರಿ ಹಿಡಿದು ಕಿವಿ ಕೊಯ್ಯತೊಡಗಿದೆ. ಒಂದು ಕಿವಿ ಕೊಯ್ದರೆ ಅದರ ಪಕ್ಕ ತಗ್ಗು. ತಗ್ಗಿಗೆ ಸಮ ಮಾಡಿದರೆ ಎದುರಿಗೆ ದಿಬ್ಬ. ಹೀಗೆ ಸಮ ಮಾಡುತ್ತ ಮಾಡುತ್ತ ಡಬರಿ ತಟ್ಟೆಯಂಥ ಪರಾತವಾಯಿತು. ಸಾಹುಕಾರರು ಒಳಗೆ ಬಂದು ಅದನ್ನು ಎತ್ತಿ ತಿರುಗಿಸಿ ನೋಡಿದರು. ಇದರಲ್ಲಿ ಏನು ಬೇಯಿಸಬೇಕು ಎಂದು ಸಾವಕಾಶ ಕೇಳಿದರು.

ಮಾವನವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅಳಿಯಂದ್ರ, ನೀವು ಒಳಗ ಹೋಗಿ ಊಟ ಮಾಡ್ರಿ," ಎಂದರು. ಗಡಿಯಾರ ನೋಡಿದರೆ ಇನ್ನೂ ನಾಷ್ಟಾದ ಹೊತ್ತು.

ಸಾಹುಕಾರರು ಮನುಷ್ಯ ಒಳ್ಳೆಯವರು, ಇನ್ನಷ್ಟು ದಿನ ವಾಯಿದೆ ಕೊಟ್ಟರು. ಮಾವನವರು ಬೇರೆ ಕಡೆಯಿಂದ ತಗಡು ತರಿಸಿದರು. ಅದಕ್ಕೆ ನಾನು ಕೈ ಹಚ್ಚದಂತೆ ಶಕುಂತಲಾ ಕಾವಲು ನಿಂತಳು. ಡಬರಿಗಳು ದುಂಡಗೆ ಬಂದವು, ಶೆಡ್ಡು ಉಳಿಯಿತು. ನಾನು ಕೊಯ್ದವು ಸುರೇಬಾನದ ಕಡೆ ಕೋಳಿಗೆ ನೀರಿಡಲು ಹೋದವಂತೆ. ಕೋಳಿಗಳಿಂದ ದೂರು ಬಂದಿಲ್ಲ. ನನಗೆ ಪಿಎಚ್.ಡಿ.ಯೂ ಸಿಕ್ಕಿತು. ಅತಿಯಾಗಿ ಕಾದ ಅಲ್ಯುಮಿನಿಯಂ ಬಗ್ಗೆ ಅಂಥ ಮಾದರಿ ದೇಶದಲ್ಲಿ ಬೇರೆ ಯಾರ ಬಳಿಯೂ ಇರಲಿಲ್ಲ.

ಆಮೇಲೆ ಒಂದು ಸಲ ಚಚಡಿಯಲ್ಲಿ ನಂಟರ ಮದುವೆ. ಊಟಕ್ಕೆ ಕೂತಾಗ ಹಿರಿಯರೊಬ್ಬರು ನಾನು ಯಾರೆಂದು ವಿಚಾರಿಸಿದರು. ನಾನು ಬಾಯಿ ತೆರೆಯುವ ಮೊದಲೇ ಮಾವನವರು, "ಇವರು ನಮ್ಮ ಅಳಿಯಂದ್ರು. ಕಾಲೇಜಿನ್ಯಾಗ ಇತಿಹಾಸ ಕಲಸ್ತಾರ," ಎಂದುಬಿಟ್ಟರು.

ಹಿರಿಯರು ಸಂತೋಷದಿಂದ ನನ್ನ ಕಡೆ ತಿರುಗಿ, ಕಿತ್ತೂರ ಕೋಟೆ ಕಟ್ಟಿದ್ದು ಯಾವಾಗ ಎಂದು ಕೇಳಿದರು.

"ಭಾಳ ಹಿಂದ," ಎಂದೆ.

ಮಾವನವರು ಮೆಚ್ಚುಗೆಯಿಂದ ತಲೆಯಾಡಿಸಿದರು. ಮಾವನ ಮನೆಯವರ ಮುಂದೆ ನಾನು ಹೇಳಿದ ಮಾತು ಖರೆಯೂ ಆಗಿ, ಯಾರಿಗೂ ನಷ್ಟ ಮಾಡದೆ ಇದ್ದದ್ದು ಅದೇ ಮೊದಲು.